ಮನೆಮಂದಿಯೊಂದಿಗೆ ಶ್ರೀಲಂಕಾದ ಕಡಲ ಪಕ್ಕ ಒಂದು ವಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಟ್ಟ ಮಕ್ಕಳು, ಅಜ್ಜ, ಅಜ್ಜಿ ಎಲ್ಲರೂ ಜೊತೆಗಿರಬೇಕು. ಹೊರದೇಶವೂ ಆಗಬೇಕು. ಆದರೆ ದಿನಕ್ಕೊಂದು ಊರು ಅಂತ ಓಡುವುದು ಬೇಡ, ಕಡಲ ಪಕ್ಕ ಆರಾಮಾಗಿ ಇರಬೇಕು. ಹೀಗೆ ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ ಊರಿನ ಹೆಸರು: ಉಣವಟುನ. ಶ್ರೀಲಂಕಾದ ದಕ್ಷಿಣ ತುದಿಯಲ್ಲಿ, ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತಿರುವ ಗಾಲೆಯಿಂದ ಐದಾರು ಕಿಲೋಮೀಟರ್ ದೂರದಲ್ಲಿದೆ. ಗೆಳೆಯರು, ನೆಂಟರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಮ್ಮಲ್ಲೇ ಗೋಕರ್ಣ, ಮಲ್ಪೆ, ಮುರುಡೇಶ್ವರ ಇದೆಯಲ್ಲ. ಕಡಲು ನೋಡಲು ಲಂಕಾಕ್ಕೆ ಯಾಕೆ ಹೋಗಬೇಕು?

ಕಡಲು ನೋಡುವುದಷ್ಟೇ ಆದರೆ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯನ್ನು ಬಿಟ್ಟುಕೊಡುವ ಮಾತೂ ಇದಲ್ಲ. ಮನೆಮಂದಿಯೆಲ್ಲ ಮೊದಲ ಸಲ ಹೊರದೇಶಕ್ಕೆ ಹೊರಟಾಗ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಲ್ಲಿ ಇರುವುದೇ ಇಲ್ಲ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಸುಮಾರು ಒಂದೂವರೆ ಗಂಟೆ. ಗಡಿಯಾರ ಬದಲಿಸಬೇಕಾಗಿಲ್ಲ, ಅಲ್ಲಿನ ಸಮಯವೂ ನಮ್ಮದೇ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇದು ಎಷ್ಟು ಅನುಕೂಲ ಅಂತ ಅವರನ್ನೇ ಕೇಳಿ. ಊಟಕ್ಕೆ ಅನ್ನ, ತೆಂಗಿನಕಾಯಿ, ಕರಿಬೇವು. ಗಾಡಿ ಓಡುವುದೂ ರಸ್ತೆಯ ಎಡಕ್ಕೇ. ಮನೆಯಲ್ಲಿ ಯಾರಿಗಾದರೂ ತಮಿಳು ಬಂದರೆ ಇನ್ನೂ ಸಲೀಸು. ಸಿಂಹಳದ ಜೊತೆ ತಮಿಳೂ ಅಲ್ಲಿ ಅಧಿಕೃತ ಭಾಷೆ, ಬೋರ್ಡುಗಳಲ್ಲೂ ಇರುತ್ತದೆ.

ಇಷ್ಟೆಲ್ಲ ಹತ್ತಿರದ್ದಾಗಿದ್ದರೂ ಅದು ಬೇರೆಯೇ ದೇಶ. ಮಕ್ಕಳಿಗೆ ಹೊಸ ಲಿಪಿ, ಹೊಸ ನೋಟು, ಹೊಸ ತಿಂಡಿ ಎಲ್ಲ ಸಿಗುತ್ತದೆ.

ಯಾವ ತಿಂಗಳಲ್ಲಿ ಹೋಗಬೇಕು? ಬೇಸಿಗೆ ರಜೆ ಆಗುತ್ತಾ?

ಟಿಕೆಟ್ ಮಾಡುವ ಮೊದಲು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ. ಶ್ರೀಲಂಕಾಕ್ಕೆ ಎರಡು ಕಡೆಯಿಂದ ಮಳೆಗಾಲ ಬರುತ್ತದೆ. ಜೂನ್‌ನಲ್ಲಿ ಮಲ್ಪೆ, ಪಣಂಬೂರಿನಲ್ಲಿ ನೀರಿಗೆ ಇಳಿಯಬೇಡಿ ಅಂತ ಬೋರ್ಡು ಹಾಕುತ್ತಾರಲ್ಲ, ಅದೇ ನೈಋತ್ಯ ಮಾರುತ ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಲಂಕಾದ ದಕ್ಷಿಣ ಮತ್ತು ಪಶ್ಚಿಮ ತೀರಕ್ಕೂ ಬಡಿಯುತ್ತದೆ. ಆಗ ಉಣವಟುನ, ಹಿಕ್ಕಡುವ, ಮಿರಿಸ್ಸ ಎಲ್ಲ ಕಡೆ ಕಡಲು ಒರಟಾಗಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಅದೇ ಕಡಲು ಶಾಂತವಾಗಿ, ತಿಳಿಯಾಗಿ ಇರುತ್ತದೆ.

ನಮ್ಮ ಶಾಲೆಗಳ ರಜೆಗೆ ಇದನ್ನು ಹೊಂದಿಸಿ ನೋಡೋಣ. ಕ್ರಿಸ್‌ಮಸ್ ರಜೆಗೆ ದಕ್ಷಿಣ ತೀರ ತುಂಬ ಚೆನ್ನಾಗಿರುತ್ತದೆ, ಆದರೆ ಯುರೋಪಿನ ಜನ ಜಾಸ್ತಿ ಬರುವ ಕಾಲವೂ ಅದೇ. ರೂಮಿನ ಬೆಲೆ ಏರಿರುತ್ತದೆ, ಮೊದಲೇ ಬುಕ್ ಮಾಡಬೇಕು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಕೂಡಲೇ ಹೊರಟರೆ ದಕ್ಷಿಣ ತೀರ ಇನ್ನೂ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನದ ಮೇಲೆ ಒಂದೆರಡು ಗುಡುಗು ಮಳೆ ಬರಬಹುದು, ಅಷ್ಟೇ. ಏಪ್ರಿಲ್ 13, 14 ಮಾತ್ರ ನೆನಪಿಡಿ. ಅದು ಸಿಂಹಳ ಮತ್ತು ತಮಿಳು ಹೊಸವರ್ಷ. ಹಬ್ಬದ ದಿನಗಳಲ್ಲಿ ಅಂಗಡಿ, ಹೋಟೆಲು ಮುಚ್ಚಿರುತ್ತವೆ, ಬಸ್ಸು, ರೈಲು ತುಂಬಿರುತ್ತವೆ. ಗೆಸ್ಟ್‌ಹೌಸಿನವರು ತಮ್ಮ ಮನೆಯ ಹಬ್ಬಕ್ಕೆ ನಿಮ್ಮನ್ನೂ ಕೂರಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಊಟ ಇಡೀ ಪ್ರವಾಸದಲ್ಲಿ ಸಿಗುವುದಿಲ್ಲ.

ಮೇ ಕೊನೆಯಲ್ಲೇ ರಜೆ ಸಿಗುವುದಾದರೆ ದಕ್ಷಿಣ ಬಿಟ್ಟುಬಿಡಿ, ಪೂರ್ವ ತೀರಕ್ಕೆ ಹೋಗಿ. ಟ್ರಿಂಕೋಮಲಿಯ ಹತ್ತಿರ ನಿಲಾವೆಳಿ, ಬ್ಯಾಟಿಕಲೋವಾದ ಮೇಲ್ಗಡೆ ಪಾಸಿಕುಡ. ದಕ್ಷಿಣದ ಕಡಲು ಕೆಟ್ಟಿರುವಾಗ ಅಲ್ಲಿನದು ತಣ್ಣಗಿರುತ್ತದೆ. ಪಾಸಿಕುಡದಲ್ಲಂತೂ ಬಹಳ ದೂರ ನಡೆದರೂ ನೀರು ಆಳವಾಗುವುದಿಲ್ಲ. ಪುಟ್ಟ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಕಡಲು ಆ ದ್ವೀಪದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಕೊಲಂಬೊದಿಂದ ಕಾರಿನಲ್ಲಿ ಆರು ಗಂಟೆ ಬೇಕು. ದಸರಾ ರಜೆ, ಅಂದರೆ ಅಕ್ಟೋಬರ್, ಎರಡೂ ತೀರಕ್ಕೆ ಅಷ್ಟಕ್ಕಷ್ಟೇ. ಮಳೆಗಾಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವ ಹೊತ್ತು ಅದು.

ವಾರವಿಡೀ ಒಂದೇ ಊರಲ್ಲಿ ಇದ್ದರೆ ಬೇಜಾರಾಗಲ್ವಾ? ಕ್ಯಾಂಡಿ, ನುವಾರ ಎಲಿಯ ನೋಡಬೇಡ್ವಾ?

ನೋಡುವಂಥ ಊರುಗಳೇ ಅವು. ಆದರೆ ಇದೇ ವಾರದಲ್ಲಿ ಬೇಡ.

ಐದು ದಿನಕ್ಕೆ ಕೊಲಂಬೊ, ಸಿಗಿರಿಯ, ಕ್ಯಾಂಡಿ, ನುವಾರ ಎಲಿಯ, ಕೊನೆಗೆ ಒಂದು ರಾತ್ರಿ ಬೆಂತೋಟದ ಬೀಚು. ಪ್ಯಾಕೇಜುಗಳು ಹೆಚ್ಚಾಗಿ ಹೀಗೇ ಇರುತ್ತವೆ. ನಕ್ಷೆಯಲ್ಲಿ ದ್ವೀಪ ಚಿಕ್ಕದಾಗಿ ಕಾಣುತ್ತದೆ. ಗುಡ್ಡದ ರಸ್ತೆಗಳಲ್ಲಿ ಮಾತ್ರ ನೂರು ಕಿಲೋಮೀಟರ್‌ಗೆ ಮೂರು, ಮೂರೂವರೆ ಗಂಟೆ ಆಗುತ್ತದೆ. ಮಗು ವಾಂತಿ ಮಾಡುತ್ತದೆ, ಅಜ್ಜಿಗೆ ಕಾಲು ಊದುತ್ತದೆ, ದಿನಾ ಬೆಳಗ್ಗೆ ಪೆಟ್ಟಿಗೆ ಕಟ್ಟುವ ಕೆಲಸ ಮನೆಯ ಹೆಂಗಸರ ಮೇಲೆ ಬೀಳುತ್ತದೆ. ಕಡಲಿಗೆ ಬರುವ ಹೊತ್ತಿಗೆ ಎಲ್ಲರೂ ಸುಸ್ತು.

ಒಂದೇ ಮನೆಯಲ್ಲಿ ಆರೇಳು ರಾತ್ರಿ ಇದ್ದು ನೋಡಿ. ಎರಡನೇ ದಿನವೇ ಮಕ್ಕಳಿಗೆ ಬೀದಿಯ ನಾಯಿಗಳ ಗುರುತು ಸಿಗುತ್ತದೆ. ಮೂರನೇ ದಿನ ಎಳನೀರಿನವರು ನಿಮ್ಮನ್ನು ನೋಡಿದ ಕೂಡಲೇ ಕತ್ತಿ ಎತ್ತಿಕೊಳ್ಳುತ್ತಾರೆ. ಅಡುಗೆಯವರಿಗೆ ಅಜ್ಜನ ಖಾರದ ಅಳತೆ ತಿಳಿಯುತ್ತದೆ. ಅಜ್ಜಿ ಒಬ್ಬರೇ ಬೀಚಿಗೆ ಹೋಗಿ ಕುಳಿತು ಬರುತ್ತಾರೆ. ನಮ್ಮ ಅತ್ತೆ ಮೊಣಕಾಲು ನೋವಿನಿಂದ ಊರಲ್ಲಿ ಗೇಟು ದಾಟುತ್ತಿರಲಿಲ್ಲ. ಅಲ್ಲಿ ಸಂಜೆಯಾದರೆ ಚಪ್ಪಲಿ ಕೈಯಲ್ಲಿ ಹಿಡಿದು ಅವರೇ ಎಲ್ಲರಿಗಿಂತ ಮುಂದೆ ಹೊರಡುತ್ತಿದ್ದರು. ಊರು ಬದಲಿಸುತ್ತಾ ಹೋಗಿದ್ದರೆ ಆ ಧೈರ್ಯ ಬರುತ್ತಿರಲಿಲ್ಲ. ನಾಲ್ಕು ದಿನ ಅದೇ ದಾರಿ, ಅದೇ ಮುಖಗಳು ಇದ್ದಿದ್ದರಿಂದ ಬಂತು.

ಅಷ್ಟೊಂದು ಬೀಚುಗಳಿರುವಾಗ ಉಣವಟುನವೇ ಯಾಕೆ?

ಮನೆಯಲ್ಲಿ ನೀರಿಗೆ ಅತಿ ಹೆಚ್ಚು ಹೆದರುವವರು ಯಾರು? ಅವರಿಗೆ ಹೊಂದುವ ಕಡಲನ್ನು ಆರಿಸಿ. ಚೆನ್ನಾಗಿ ಈಜುವವರು ಹೇಗೂ ದಾರಿ ಕಂಡುಕೊಳ್ಳುತ್ತಾರೆ.

ಉಣವಟುನದ ಕಡಲು ಬಾಗಿದ ಕೊಲ್ಲಿಯ ಒಳಗಿದೆ. ಒಂದು ಪಕ್ಕ ರೂಮಸ್ಸಲ ಗುಡ್ಡ, ಮುಂದೆ ಹವಳದ ದಂಡೆ. ದೊಡ್ಡ ಅಲೆಗಳ ಬಲ ಅಲ್ಲೇ ಮುರಿಯುತ್ತದೆ. ಸೀಸನ್‌ನಲ್ಲಿ ದಡದ ಹತ್ತಿರ ನೀರು ಸಮಾಧಾನವಾಗಿರುತ್ತದೆ. ಪಕ್ಕದ ದಲವೆಲ್ಲದಲ್ಲಿ ಬಂಡೆಗಳ ನಡುವೆ ಕೊಳದಂತೆ ನೀರು ನಿಲ್ಲುವ ಜಾಗ ಇದೆ, ಚಿಕ್ಕ ಮಕ್ಕಳಿಗೆ ಅದೇ ಇಷ್ಟ. ಫೋಟೋಗಳಲ್ಲಿ ಕಾಣುವ ತೆಂಗಿನ ಮರದ ಹಗ್ಗದ ಉಯ್ಯಾಲೆಯೂ ಅಲ್ಲೇ ಇರುವುದು. ಅದಕ್ಕೆ ದುಡ್ಡು ಕೊಡಬೇಕು, ಸಾಲಿನಲ್ಲೂ ನಿಲ್ಲಬೇಕು.

ಮಿರಿಸ್ಸ ಚೆಂದವೇ, ಆದರೆ ಹರೆಯದವರ ಊರು. ರಾತ್ರಿ ಹಾಡು, ಗದ್ದಲ ಜಾಸ್ತಿ, ಅಲೆಯೂ ಸ್ವಲ್ಪ ಜೋರು. ಹಿಕ್ಕಡುವದಲ್ಲಿ ಹವಳದ ರಾಷ್ಟ್ರೀಯ ಉದ್ಯಾನ ಇದೆ, ಆದರೆ ಬೀಚಿನ ಬೆನ್ನಿಗೇ ಹೆದ್ದಾರಿ. ವೆಲಿಗಮದಲ್ಲಿ ತಳವೆಲ್ಲ ಮರಳು, ಅಲೆ ಉದ್ದವಾಗಿ, ಮೆಲ್ಲಗೆ ಬರುತ್ತದೆ. ಮನೆಯಲ್ಲಿ ಹದಿನೈದು, ಹದಿನಾರರ ಮಕ್ಕಳಿದ್ದರೆ ಒಂದು ಬೆಳಗ್ಗೆ ಅಲ್ಲಿಗೆ ಕರೆದುಕೊಂಡು ಹೋಗಿ ಸರ್ಫಿಂಗ್ ಕಲಿಸುವವರ ಕೈಗೆ ಒಪ್ಪಿಸಿ. ಮಧ್ಯಾಹ್ನಕ್ಕೆ ಬೋರ್ಡಿನ ಮೇಲೆ ನಿಂತಿರುತ್ತಾರೆ.

ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ. ನೀರಿಗೆ ಇಳಿಯಬಹುದಾ?

ಇಳಿಯಬಹುದು. ಆದರೆ ಕೆಲವು ವಿಷಯಗಳಲ್ಲಿ ಯಾವ ಸಡಿಲವೂ ಬೇಡ.

ಮೊದಲನೆಯದು ಸೆಳೆತ. ದಡಕ್ಕೆ ಬಂದ ನೀರು ವಾಪಸು ಹೋಗಲು ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಬಿಳಿ ನೊರೆ ಕಡಿಮೆ. ನೀರು ಸುತ್ತಲಿಗಿಂತ ಸಪಾಟಾಗಿ, ಕಪ್ಪಗೆ ಕಾಣುತ್ತದೆ. ಈಜು ಗೊತ್ತಿಲ್ಲದವರು "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂದುಕೊಳ್ಳುವುದು ಸರಿಯಾಗಿ ಅಂಥ ಜಾಗದಲ್ಲೇ. ಇಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ನೀರನ್ನು ನೋಡಿ. ಲೈಫ್‌ಗಾರ್ಡ್ ಇದ್ದರೆ ಅವರನ್ನು ಕೇಳಿ, ಇಲ್ಲದಿದ್ದರೆ ಗೆಸ್ಟ್‌ಹೌಸಿನವರನ್ನು ಕೇಳಿ. ಅವರು ಅಲ್ಲೇ ಹುಟ್ಟಿ ಬೆಳೆದವರು. ಎಲ್ಲಿ ಆಳ, ಎಲ್ಲಿ ಕಲ್ಲು, ಯಾವ ಹೊತ್ತಿಗೆ ನೀರು ಏರುತ್ತದೆ ಅಂತ ಬೆರಳು ತೋರಿಸಿ ಹೇಳುತ್ತಾರೆ.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಗುದ್ದಾಡಬಾರದು. ಸುಸ್ತಾಗುವುದೇ ಅಪಾಯ. ತೇಲುತ್ತಾ ಕೈ ಎತ್ತಿ ಕೂಗಬೇಕು. ಈಜು ಬಂದರೆ ದಡಕ್ಕೆ ಸಮವಾಗಿ ಪಕ್ಕಕ್ಕೆ ಸರಿದು ಆ ಹರಿವಿನಿಂದ ಹೊರಬರಬೇಕು. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟು ಹೊರಡಿ.

ಈಜು ಬರದ ದೊಡ್ಡವರು ಸೊಂಟಕ್ಕಿಂತ ಆಳಕ್ಕೆ ಹೋಗಬೇಡಿ. ಮಗು ನೀರಿನಲ್ಲಿದ್ದರೆ ಒಬ್ಬರು ದೊಡ್ಡವರು ಕೈಗೆ ಎಟುಕುವಷ್ಟು ಹತ್ತಿರ ಇರಬೇಕು. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಫೋನ್ ಇರಬಾರದು. "ಎಲ್ಲರೂ ನೋಡ್ಕೊಳ್ತಾ ಇದ್ದಾರೆ" ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಅರ್ಧ ಗಂಟೆ ಚಿಕ್ಕಪ್ಪ, ಅರ್ಧ ಗಂಟೆ ಅಮ್ಮ ಅಂತ ಪಾಳಿ ಹಾಕಿಕೊಳ್ಳಿ. ಗಾಳಿ ತುಂಬುವ ಟ್ಯೂಬು, ಬಾತುಕೋಳಿಗಳು ಕಡಲಿಗಲ್ಲ, ಗಾಳಿ ಬಂದರೆ ಅವು ಮಗುವನ್ನೇ ಒಳಕ್ಕೆ ಒಯ್ಯುತ್ತವೆ. ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್ಟನ್ನು ಊರಿನಿಂದಲೇ ಒಯ್ಯಿರಿ. ಮಕ್ಕಳ ಅಳತೆಯದು ಅಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಹವಳದ ದಂಡೆಯ ಹತ್ತಿರ ರಬ್ಬರ್ ಶೂ ಬೇಕು. ಕಡಲ ಮುಳ್ಳುಚೆಂಡು, ಅಂದರೆ ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್, ಚುಚ್ಚಿದರೆ ಎರಡು ದಿನ ನಡೆಯಲಾಗುವುದಿಲ್ಲ. ಹವಳದ ಮೇಲೆ ಮಾತ್ರ ಯಾವ ಶೂ ಹಾಕಿಕೊಂಡೂ ನಿಲ್ಲಬೇಡಿ. ಅದು ಜೀವ. ಬೆಳೆಯಲು ಬಹಳ ವರ್ಷ ಬೇಕು, ಮುರಿಯಲು ಒಂದು ಹೆಜ್ಜೆ ಸಾಕು.

ಕೊಲಂಬೊದಿಂದ ಅಲ್ಲಿಗೆ ಹೇಗೆ ಹೋಗುವುದು? ಆ ರೈಲಿನಲ್ಲಿ ಹೋಗಲೇಬೇಕು ಅಂತಾರಲ್ಲ?

ವಿಮಾನ ಇಳಿಯುವುದು ಕಟುನಾಯಕೆಯಲ್ಲಿ, ಅದು ಕೊಲಂಬೊಗಿಂತ ಉತ್ತರಕ್ಕಿದೆ. ಅಲ್ಲಿಂದ ಎಕ್ಸ್‌ಪ್ರೆಸ್‌ವೇ ಹಿಡಿದರೆ ಕಾರಿನಲ್ಲಿ ಎರಡೂವರೆ ಗಂಟೆಯೊಳಗೆ ಉಣವಟುನ ಸಿಗುತ್ತದೆ. ಹೋಗುವ ದಿನ ಕಾರೇ ಒಳ್ಳೆಯದು. ಗೆಸ್ಟ್‌ಹೌಸಿನವರಿಗೆ ಹೇಳಿದರೆ ವ್ಯಾನ್ ಕಳಿಸುತ್ತಾರೆ. ಎಕ್ಸ್‌ಪ್ರೆಸ್‌ವೇ ಟೋಲ್ ಬಾಡಿಗೆಯಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿಬಿಡಿ.

ರೈಲನ್ನು ವಾಪಸು ಬರುವಾಗಲೋ, ಮಧ್ಯದ ಒಂದು ದಿನಕ್ಕೋ ಇಟ್ಟುಕೊಳ್ಳಿ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಗಾಲೆಗೆ ಎರಡೂವರೆ ಗಂಟೆ. ಬ್ರಿಟಿಷರ ಕಾಲದ ಹಳಿ, 1894ರಲ್ಲಿ ಗಾಲೆ ಮುಟ್ಟಿತು. ಕೆಲವು ಕಡೆ ಹಳಿಗೂ ಅಲೆಗೂ ನಡುವೆ ಬರೀ ಬಂಡೆಗಳ ಸಾಲು. ದಕ್ಷಿಣಕ್ಕೆ ಹೋಗುವಾಗ ಕಡಲು ಬಲಗಡೆ, ಬರುವಾಗ ಎಡಗಡೆ. ಸಂಜೆ ಆಫೀಸು ಬಿಡುವ ಹೊತ್ತಿನ ರೈಲು ಬೇಡ, ನಿಲ್ಲಲೂ ಜಾಗ ಇರುವುದಿಲ್ಲ. ತೆರೆದ ಬಾಗಿಲಲ್ಲಿ ನೇತಾಡಿ ಫೋಟೋ ತೆಗೆಸಿಕೊಳ್ಳುವವರು ಕಾಣುತ್ತಾರೆ. ಮಕ್ಕಳನ್ನು ಕಿಟಕಿಯ ಒಳಗೇ ಕೂರಿಸಿ, ಕಡಲು ಅಲ್ಲಿಂದಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಊರೊಳಗೆ ಓಡಾಡಲು ಆಟೋ ಸಾಕು. ಅದನ್ನು ಅಲ್ಲಿ ಟುಕ್‌ಟುಕ್ ಅಂತಾರೆ. ಹತ್ತುವ ಮೊದಲು ಬಾಡಿಗೆ ಮಾತಾಡಿ, ಇಲ್ಲವೇ ಪಿಕ್‌ಮಿ ಆ್ಯಪ್ ಬಳಸಿ.

ಹೋಟೆಲ್ ಒಳ್ಳೆಯದಾ, ಗೆಸ್ಟ್‌ಹೌಸ್ ಒಳ್ಳೆಯದಾ?

ಮೂರು ತಲೆಮಾರು ಒಟ್ಟಿಗೆ ಹೋಗುವುದಾದರೆ ಅಡುಗೆಮನೆ ಇರುವ ಚಿಕ್ಕ ಬಾಡಿಗೆ ಮನೆ, ಇಲ್ಲವೇ ಮನೆಯವರೇ ನಡೆಸುವ ಗೆಸ್ಟ್‌ಹೌಸ್. ಬುಕ್ ಮಾಡುವ ಮೊದಲು ಬರೆದು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದಿದೆ: ಬೀಚಿಗೆ ಹೋಗಲು ಗಾಲೆ ರಸ್ತೆ ದಾಟಬೇಕಾ? ಕೊಲಂಬೊದಿಂದ ಮಾತರ ಕಡೆಗೆ ಹೋಗುವ ಈ ಹೆದ್ದಾರಿ ಎಷ್ಟೋ ಕಡೆ ಬೀಚಿಗೆ ಅಂಟಿಕೊಂಡೇ ಇದೆ. ಅದರಲ್ಲಿ ಬಸ್ಸುಗಳು ಭಾರಿ ವೇಗದಲ್ಲಿ ಓಡುತ್ತವೆ. "ಬೀಚಿನಿಂದ ನೂರು ಮೀಟರ್" ಅಂತ ಬರೆದಿರುವ ಎಷ್ಟೋ ಮನೆಗಳು ಆ ರಸ್ತೆಯ ಆಚೆಗಿವೆ. ಮಕ್ಕಳು, ಹಿರಿಯರು ದಿನಕ್ಕೆ ನಾಲ್ಕು ಸಲ ಅದನ್ನು ದಾಟುವುದು ಬೇಡವೇ ಬೇಡ.

ಆಮೇಲೆ ಮೆಟ್ಟಿಲು ಎಷ್ಟಿವೆ, ನೆಲಮಹಡಿಯಲ್ಲಿ ಒಂದು ರೂಮು ಸಿಗುತ್ತದಾ, ಸೊಳ್ಳೆಪರದೆ ಇದೆಯಾ, ಬಟ್ಟೆ ಒಗೆದುಕೊಡುತ್ತಾರಾ ಅಂತ ಕೇಳಿ. ರೆಸ್ಟೋರೆಂಟ್ ಬಿಲ್ಲಿನಲ್ಲಿ ಶೇ 10 ಸರ್ವಿಸ್ ಚಾರ್ಜ್ ಸೇರಿಸುವುದು ಅಲ್ಲಿ ಸಾಮಾನ್ಯ. ಬೆಲೆ ಕೇಳುವಾಗ ತೆರಿಗೆಯನ್ನೂ ಸೇರಿಸಿ ಕೇಳಿ.

ನಾವು ಸಸ್ಯಾಹಾರಿಗಳು. ಊಟಕ್ಕೆ ತೊಂದರೆ ಆಗುತ್ತದಾ?

ಊಟಕ್ಕೆ ಕೊರತೆ ಇಲ್ಲ. ಗಮನ ಬೇಕು, ಯಾಕೆ ಅಂತ ಹೇಳುತ್ತೇನೆ.

ಲಂಕಾದ ಅಡುಗೆಯಲ್ಲಿ ಉಂಬಲಕಡ ಅಂತ ಒಂದು ಪದಾರ್ಥ ಇದೆ. ಒಣಗಿಸಿ ಗಟ್ಟಿ ಮಾಡಿದ ಮೀನಿನ ಚೂರು, ಮಾಲ್ಡೀವ್ಸ್ ಮೀನು ಅಂತಲೂ ಕರೆಯುತ್ತಾರೆ. ರುಚಿಗೆ ಅಂತ ತರಕಾರಿ ಪಲ್ಯಕ್ಕೂ, ತೆಂಗಿನಕಾಯಿ ಚಟ್ನಿಯಂಥ ಪೋಲ್ ಸಂಬಲಿಗೂ ಅದನ್ನು ಹಾಕುತ್ತಾರೆ. ಈರುಳ್ಳಿಯ ಸೀನಿ ಸಂಬಲಿಗೂ ಬೀಳುತ್ತದೆ. ಎಷ್ಟೋ ಜನ ಅದನ್ನು ಮೀನಿನ ಲೆಕ್ಕಕ್ಕೇ ಹಿಡಿಯುವುದಿಲ್ಲ, ನಾವು ಮಸಾಲೆಯ ಚಿಟಿಕೆ ಹಾಕಿದ ಹಾಗೆ ಅವರಿಗೆ ಅದು. ಹಾಗಾಗಿ "ವೆಜಿಟೇರಿಯನ್" ಅಂದರಷ್ಟೇ ಸಾಲದು. "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ" ಅನ್ನಿ. ಮಾಂಸ ಬೇಡ, ಮೀನು ಬೇಡ, ಒಣಮೀನಿನ ಚೂರೂ ಬೇಡ ಅಂತ. ಗೆಸ್ಟ್‌ಹೌಸಿನವರಿಗೆ ಮೊದಲ ದಿನವೇ ಹೇಳಿದರೆ ಪೋಲ್ ಸಂಬಲನ್ನು ಅದಿಲ್ಲದೆ ಎದುರಿಗೇ ಅರೆದುಕೊಡುತ್ತಾರೆ. ಬೇಕರಿಯಲ್ಲಿ ತ್ರಿಕೋನದ ಬನ್ನು ಕಂಡರೆ ಸಾಮಾನ್ಯವಾಗಿ ಒಳಗೆ ಮೀನು ಇರುತ್ತದೆ, ನೆನಪಿಡಿ.

ಇಷ್ಟು ಎಚ್ಚರ ವಹಿಸಿದರೆ ಮುಂದಿನದೆಲ್ಲ ಹಬ್ಬ. ಬೆಳಗ್ಗೆಗೆ ಇಂದಿಆಪ್ಪ, ಅಂದರೆ ನಮ್ಮ ಒತ್ತು ಶಾವಿಗೆ, ಜೊತೆಗೆ ತೆಂಗಿನ ಹಾಲಿನ ಸಾರು. ಅಂಚು ಗರಿಗರಿ, ನಡು ಮೆತ್ತಗಿನ ಆಪ್ಪ. ಮಧ್ಯಾಹ್ನ ಅನ್ನಕ್ಕೆ ಪರಿಪ್ಪು, ಮೈಸೂರು ಬೇಳೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ತೊವ್ವೆ. ಎಳೆ ಹಲಸಿನಕಾಯಿಯ ಪೊಲೊಸ್, ನಮ್ಮ ಕರಾವಳಿಯವರ ಗುಜ್ಜೆ. ಜೀಗುಜ್ಜೆಗೆ ಅವರು ದೆಲ್ ಅಂತಾರೆ. ಗೊಟುಕೊಲ ಸಂಬಲ್ ಅಂತ ಹಸಿರು ಪಲ್ಯ ಬಂದರೆ ಒಂದು ತುತ್ತು ಬಾಯಿಗಿಟ್ಟು ನೋಡಿ. ಅದು ನಮ್ಮ ತಂಬುಳಿಯ ಒಂದೆಲಗ. ಅದಕ್ಕೂ ಉಂಬಲಕಡ ಬೇಡ ಅಂತ ಹೇಳಲು ಮರೆಯಬೇಡಿ.

ಕೊನೆಗೆ ಮಡಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರು, ಮೇಲೆ ಕಿತುಲ್ ಪಾಕ. ಕಿತುಲ್ ಅಂದರೆ ಮಲೆನಾಡಿನವರಿಗೆ ಗೊತ್ತಿರುವ ಬೈನೆ ಮರ. ನಮ್ಮಲ್ಲಿ ಅದರ ಕಳ್ಳು ಗೊತ್ತು, ಅಲ್ಲಿ ಅದರ ರಸ ಕಾಯಿಸಿ ಜೋನಿ ಬೆಲ್ಲದಂತೆ ಮಾಡುತ್ತಾರೆ. ಹೊಗೆಯ ವಾಸನೆ ತುಸು ಸೇರಿದ ಆ ಸಿಹಿಯನ್ನು ಮಕ್ಕಳು ಐಸ್‌ಕ್ರೀಮ್‌ಗಿಂತ ಜಾಸ್ತಿ ಕೇಳುತ್ತಾರೆ. ಕುಡಿಯಲು ತಂಬಿಲಿ, ಕಿತ್ತಳೆ ಬಣ್ಣದ ಗೆಂದಾಳಿ ಎಳನೀರು.

ವೀಸಾ, ದುಡ್ಡು, ಫೋನು?

ವೀಸಾಕ್ಕೆ ಇಟಿಎ ಅನ್ನುವ ಆನ್‌ಲೈನ್ ಅರ್ಜಿ ಇದೆ. ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡುವ ವಾರ ಶ್ರೀಲಂಕಾ ಸರ್ಕಾರದ ವೆಬ್‌ಸೈಟಿನಲ್ಲೇ ನೋಡಿ. ಅದೇ ರೀತಿ ಕಾಣುವ, ಜಾಸ್ತಿ ದುಡ್ಡು ಕೀಳುವ ಸೈಟುಗಳು ಸುಮಾರಿವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು, ಕೂಸಿಗೂ ಅದರದೇ ಪಾಸ್‌ಪೋರ್ಟ್ ಬೇಕು.

ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. 2024ರ ಫೆಬ್ರವರಿಯಲ್ಲಿ ಶ್ರೀಲಂಕಾದಲ್ಲೂ ಯುಪಿಐ ಶುರುವಾಯಿತು. ಆದರೂ ಎಳನೀರು, ಟುಕ್‌ಟುಕ್, ಚಿಕ್ಕ ಅಂಗಡಿಗಳಿಗೆ ನೋಟೇ ಬೇಕು. ಸಿಮ್ ಏರ್‌ಪೋರ್ಟಿನಲ್ಲೇ ಸಿಗುತ್ತದೆ. ಪ್ಲಗ್ಗಿಗೆ ಯೂನಿವರ್ಸಲ್ ಅಡಾಪ್ಟರ್ ಒಯ್ಯಿರಿ.

ಹಗಲೆಲ್ಲ ಬೀಚಿನಲ್ಲೇ ಇರಬಹುದಾ?

ಬೇಡ. ಗಾಲೆ ಇರುವುದು ಭೂಮಧ್ಯರೇಖೆಯಿಂದ ಬರೀ 6 ಡಿಗ್ರಿ ಉತ್ತರಕ್ಕೆ. ಬೆಳಗ್ಗೆ ಹತ್ತರಿಂದ ನಾಲ್ಕರವರೆಗಿನ ಬಿಸಿಲು ನಾವು ಅಂದುಕೊಂಡಿದ್ದಕ್ಕಿಂತ ಕಟು. ಕಡಲ ಗಾಳಿಗೆ ಮೈ ಸುಡುವುದು ಗೊತ್ತೇ ಆಗುವುದಿಲ್ಲ. ಬೆಳಗ್ಗೆ ಆರೂವರೆಗೆ ನೀರಿಗಿಳಿದು ಒಂಬತ್ತಕ್ಕೆ ತಿಂಡಿಗೆ ಬನ್ನಿ. ಮಧ್ಯಾಹ್ನ ಊಟ, ನಿದ್ದೆ, ಚೌಕಾಬಾರ, ಕಥೆ ಪುಸ್ತಕ. ನಾಲ್ಕರ ಮೇಲೆ ಮತ್ತೆ ಕಡಲು. ಮಕ್ಕಳಿಗೆ ತುಂಬುತೋಳಿನ ಈಜು ಬಟ್ಟೆ ಹಾಕಿದರೆ ಅರ್ಧ ಚಿಂತೆ ಕಳೆಯಿತು.

ಒಂದೆರಡು ದಿನ ಹೊರಗೆ ಹೋಗಬೇಕು ಅನಿಸಿದರೆ ಏನು ನೋಡಬಹುದು?

ಒಂದು ಸಂಜೆ ಗಾಲೆ ಕೋಟೆಗೆ ಕೊಡಿ. ಪೋರ್ಚುಗೀಸರು ಶುರು ಮಾಡಿದ್ದು, 1640ರಲ್ಲಿ ಡಚ್ಚರು ಗೆದ್ದು ದೊಡ್ಡದು ಮಾಡಿದ್ದು. 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇದರೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಶಾಲೆ ಬಿಟ್ಟ ಮಕ್ಕಳು ಆಡುತ್ತಿರುತ್ತಾರೆ, ದೀಪಸ್ತಂಭದ ಎದುರು ಮಸೀದಿ, ಇನ್ನೊಂದು ಬೀದಿಯಲ್ಲಿ 1755ರ ಡಚ್ ಚರ್ಚು. ನಾಲ್ಕೂವರೆಗೆ ಕೋಟೆಗೋಡೆ ಹತ್ತಿ ಸುತ್ತು ಹಾಕಿ. ಗಡಿಯಾರ ಗೋಪುರದ ಕಡೆ ಬಂದಾಗ ಕೆಳಗೆ ಕ್ರಿಕೆಟ್ ಮೈದಾನ ಪೂರ್ತಿ ಕಾಣುತ್ತದೆ. ಟೆಸ್ಟ್ ನಡೆಯುವಾಗ ಜನ ಗೋಡೆಯ ಮೇಲೇ ಕುಳಿತು ಆಟ ನೋಡುತ್ತಾರೆ. ನಮ್ಮ ಕೆಂಪುಕಲ್ಲಿನ ಕೋಟೆಗಳನ್ನು ನೋಡಿದವರಿಗೂ ಕಡಲಿಗೆ ಮೂರು ಕಡೆ ಚಾಚಿಕೊಂಡ ಈ ಕೋಟೆ ಹೊಸದಾಗಿ ಕಾಣುತ್ತದೆ.

ಉಣವಟುನದ ಪಕ್ಕದ ರೂಮಸ್ಸಲ ಗುಡ್ಡಕ್ಕೆ ಹಿರಿಯರನ್ನು ಕರೆದುಕೊಂಡು ಹೋಗಿ. ಹನುಮಂತ ಸಂಜೀವಿನಿ ಪರ್ವತ ಹೊತ್ತು ತರುವಾಗ ಬಿದ್ದ ಒಂದು ತುಂಡೇ ಈ ಗುಡ್ಡ ಅಂತ ಅಲ್ಲಿನವರು ಹೇಳುತ್ತಾರೆ. ಮೇಲೆ ಜಪಾನಿ ಭಿಕ್ಷುಗಳು ಕಟ್ಟಿದ ಬಿಳಿಯ ಶಾಂತಿ ಸ್ತೂಪ ಇದೆ, ಟುಕ್‌ಟುಕ್ ಮೇಲಿನವರೆಗೂ ಹೋಗುತ್ತದೆ. ಕೊಗ್ಗಲದ ಸರೋವರದಲ್ಲಿ ದೋಣಿ ಹತ್ತಿದರೆ ಚಕ್ಕೆ ಸುಲಿಯುವುದನ್ನು ತೋರಿಸುವ ದ್ವೀಪ ಸಿಗುತ್ತದೆ. ಒಳತೊಗಟೆಯನ್ನು ಕಾಗದದ ಹಾಗೆ ತೆಳ್ಳಗೆ ಬಿಡಿಸಿ ಸುರುಳಿ ಮಾಡುತ್ತಾರೆ. ಕಡಲಲ್ಲಿ ಕೋಲು ನೆಟ್ಟು ಕೂತು ಮೀನು ಹಿಡಿಯುವವರು ಈಗ ಹೆಚ್ಚಾಗಿ ಫೋಟೋಕ್ಕಾಗಿಯೇ ಕೂರುತ್ತಾರೆ. ಫೋಟೋ ತೆಗೆದರೆ ದುಡ್ಡು ಕೊಡಿ, ಅದು ಅವರ ದುಡಿಮೆ.

ತಿಮಿಂಗಿಲ ನೋಡಲು ಮಕ್ಕಳನ್ನು ಕರೆದೊಯ್ಯಬಹುದಾ?

ಮಿರಿಸ್ಸದಿಂದ ನವೆಂಬರ್‌ನಿಂದ ಏಪ್ರಿಲ್‌ವರೆಗೆ ದೋಣಿ ಹೊರಡುತ್ತದೆ. ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ ನೀಲಿ ತಿಮಿಂಗಿಲ ಉಸಿರು ಬಿಡುವುದನ್ನು ಕಣ್ಣಾರೆ ನೋಡುವುದು ದೊಡ್ಡ ವಿಷಯವೇ. ಆದರೆ ನಸುಕಿಗೇ ಹೊರಟು ನಾಲ್ಕೈದು ಗಂಟೆ ತೆರೆದ ಕಡಲಲ್ಲಿ ಓಲಾಡಬೇಕು, ವಾಂತಿ ಸಾಮಾನ್ಯ. ಎಂಟು ವರ್ಷ ದಾಟದ ಮಕ್ಕಳು, ಬೆನ್ನುನೋವಿನ ಹಿರಿಯರು ಬೇಡ ಅಂತಲೇ ನಾನು ಹೇಳುತ್ತೇನೆ. ಹೋಗುವವರು ತಿಮಿಂಗಿಲದ ಬೆನ್ನು ಹತ್ತದ, ದೂರದಲ್ಲಿ ಎಂಜಿನ್ ನಿಧಾನ ಮಾಡಿ ಕಾಯುವ ದೋಣಿಯವರನ್ನು ಆರಿಸಿ.

ಆಮೆಗಳು ಸಿಗುತ್ತವಾ?

ಪ್ರಪಂಚದ ಏಳು ಬಗೆಯ ಕಡಲಾಮೆಗಳಲ್ಲಿ ಐದು ಬಗೆ ಲಂಕಾದ ಮರಳಿಗೆ ಮೊಟ್ಟೆ ಇಡಲು ಬರುತ್ತವೆ. ಹಿಕ್ಕಡುವ, ದಲವೆಲ್ಲದಲ್ಲಿ ದಡದ ಹತ್ತಿರವೇ ಕಾಣುತ್ತವೆ. ಮುಟ್ಟಬೇಡಿ, ಬೆನ್ನ ಮೇಲೆ ಮಕ್ಕಳ ಕೈ ಇಡಿಸಿ ಫೋಟೋ ತೆಗೆಯಬೇಡಿ. ಮರಿಗಳನ್ನು ತೊಟ್ಟಿಯಲ್ಲಿ ಕೂಡಿಹಾಕಿ ಪ್ರವಾಸಿಗರ ಕೈಗೆ ಕೊಡುವ ಕೇಂದ್ರಗಳಿಗೆ ದುಡ್ಡು ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹುಟ್ಟಿದ ಕೂಡಲೇ ಕಡಲಿಗೆ ಓಡುವ ಬಲವನ್ನು ಆ ಮರಿಗಳು ತೊಟ್ಟಿಯಲ್ಲೇ ಕಳೆದುಕೊಳ್ಳುತ್ತವೆ.

ಸುನಾಮಿಯ ಭಯ ಇಲ್ವಾ?

2004ರ ಡಿಸೆಂಬರ್ 26ರ ಸುನಾಮಿ ಈ ತೀರವನ್ನೇ ಬಡಿಯಿತು. ಉಣವಟುನ, ಗಾಲೆ, ಹಿಕ್ಕಡುವ ಎಲ್ಲ ಕಡೆ ಜನ ಸತ್ತರು. ಹಿಕ್ಕಡುವದ ಹತ್ತಿರ ಪೆರಲಿಯದಲ್ಲಿ ಒಂದು ರೈಲನ್ನೇ ಅಲೆ ಎತ್ತಿ ಎಸೆಯಿತು. ಅದೊಂದರಲ್ಲೇ ಸಾವಿರಕ್ಕಿಂತ ಜಾಸ್ತಿ ಜನ ಹೋದರು. ನೀವು ಕಿಟಕಿಯಲ್ಲಿ ಕುಳಿತು ಕಡಲು ನೋಡುವ ಹಳಿ ಅದೇ. ಅಲ್ಲಿ ಸ್ಮಾರಕ ಇದೆ, ದೊಡ್ಡ ಬುದ್ಧನ ಪ್ರತಿಮೆಯೂ ಇದೆ. ಊರಿನ ನಡುವಯಸ್ಸಿನವರಲ್ಲಿ ಮನೆಯವರನ್ನು ಕಳೆದುಕೊಂಡವರು ಬಹಳ ಜನ. ಅವರಾಗಿ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ಆ ಭಯಕ್ಕೆ ಹೋಗದೆ ಇರಬೇಕಾಗಿಲ್ಲ. ಈಗ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆ ವ್ಯವಸ್ಥೆ ಇದೆ. ಮಕ್ಕಳಿಗೆ ಒಂದು ಮಾತು ಕಲಿಸಿ: ಕಡಲು ಇದ್ದಕ್ಕಿದ್ದ ಹಾಗೆ ಹಿಂದೆ ಸರಿದರೆ, ಅಥವಾ ನೆಲ ಜೋರಾಗಿ ನಡುಗಿದರೆ, ನೋಡುತ್ತಾ ನಿಲ್ಲಬಾರದು, ಎತ್ತರದ ಜಾಗಕ್ಕೆ ಓಡಬೇಕು. ಮೊದಲ ದಿನವೇ ಗೆಸ್ಟ್‌ಹೌಸಿನವರ ಹತ್ತಿರ ಆ ದಾರಿ ಕೇಳಿ, ಒಮ್ಮೆ ನಡೆದು ನೋಡಿ.

ಆರೋಗ್ಯ ಕೆಟ್ಟರೆ?

ಲಂಕಾ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಡೆಂಗಿ ಮಾತ್ರ ಇದೆ, ಹಗಲೂ ಸೊಳ್ಳೆ ಮುಲಾಮು ಹಚ್ಚಿ. ನೀರು ಬಾಟಲಿಯದೇ ಕುಡಿಯಿರಿ. ಓಆರ್‌ಎಸ್, ಜ್ವರದ ಔಷಧಿ, ಹಿರಿಯರ ಮಾತ್ರೆಗಳು ಚೀಟಿಯ ಸಮೇತ ಕೈಚೀಲದಲ್ಲಿರಲಿ. ಪ್ರವಾಸದ ವಿಮೆ ಮಾಡಿಸಿ. ಆಂಬುಲೆನ್ಸ್‌ಗೆ 1990, ಪೊಲೀಸರಿಗೆ 119. ಆ 1990 ನಂಬರಿನ ಉಚಿತ ಆಂಬುಲೆನ್ಸ್ ಸೇವೆ ಶುರುವಾಗಿದ್ದು ಭಾರತದ ನೆರವಿನಿಂದ. ಗಾಲೆಯ ಕರಾಪಿಟಿಯದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ.

ದೇವಸ್ಥಾನ, ವಿಹಾರಗಳಲ್ಲಿ ಏನು ನೆನಪಿಡಬೇಕು?

ಭುಜ, ಮೊಣಕಾಲು ಮುಚ್ಚುವ ಬಟ್ಟೆ. ಚಪ್ಪಲಿ, ಟೋಪಿ ಹೊರಗೆ. ಬುದ್ಧನಿಗೆ ಬೆನ್ನು ತೋರಿಸಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಅಲ್ಲಿ ದೊಡ್ಡ ಅವಮಾನ ಅಂತ ನೋಡುತ್ತಾರೆ, ಸೆಲ್ಫಿಗೂ ಅದೇ ಮಾತು. ಪ್ರತಿ ಹುಣ್ಣಿಮೆ ಪೋಯ ಅನ್ನುವ ಸರ್ಕಾರಿ ರಜೆ. ಅಂದು ಮದ್ಯ ಮಾರುವುದಿಲ್ಲ. ಊರವರೆಲ್ಲ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗುತ್ತಾರೆ. ನಿಮ್ಮ ವಾರದಲ್ಲಿ ಹುಣ್ಣಿಮೆ ಬಂದರೆ ಸಂಜೆ ಹತ್ತಿರದ ವಿಹಾರಕ್ಕೆ ನೀವೂ ಹೋಗಿ ಬನ್ನಿ.

ಬರುವಾಗ ಏನು ತರಬಹುದು?

ಚಕ್ಕೆ ತನ್ನಿ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ದಪ್ಪ, ಗಟ್ಟಿ ತೊಗಟೆ ಬೇರೆ ಜಾತಿಯದು. ಸಿಗಾರಿನಂತೆ ಪದರ ಪದರವಾಗಿ ಸುತ್ತಿದ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಚಕ್ಕೆ ಲಂಕಾದ್ದು. ಬೀಚಿನ ಅಂಗಡಿ ಬಿಟ್ಟು ಗಾಲೆ ಪೇಟೆಯಲ್ಲಿ ಕೊಳ್ಳಿ. ಕಿತುಲ್ ಪಾಕದ ಬಾಟಲಿ ತಂದರೆ ಚೆಕ್‌-ಇನ್ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯವರು ತೆಗೆದಿಡುತ್ತಾರೆ. ಲೇಬಲ್ ಓದಿ, ಬರೀ ಸಕ್ಕರೆ ಪಾಕವೂ ಅದೇ ಹೆಸರಲ್ಲಿ ಮಾರಾಟವಾಗುತ್ತದೆ. ಹವಳ, ದೊಡ್ಡ ಶಂಖ, ಆಮೆ ಚಿಪ್ಪಿನ ವಸ್ತು ಯಾರು ಕೊಟ್ಟರೂ ಬೇಡ. ಆಮೆ ಚಿಪ್ಪು, ಹವಳ ಮಾರುವುದೂ ತರುವುದೂ ಅಪರಾಧ. ಮಕ್ಕಳು ಜೇಬಿನಲ್ಲಿ ತುಂಬಿಕೊಂಡಿರುವ ಹವಳದ ಚೂರುಗಳನ್ನು ಹೊರಡುವ ಹಿಂದಿನ ಸಂಜೆ ಅವರ ಕೈಯಿಂದಲೇ ವಾಪಸು ನೀರಿಗೆ ಹಾಕಿಸಿ.